ಪಾಚಿಯ ಗ್ಯಾಸು ಯಾರ ಒಲೆಗೆ?

ಕಾರ್ಖಾನೆಯ ಮಾಲೀಕರ ಬಾಯಲ್ಲಿ ಈಚೆಗೆ ಪಾಚಿಯ ಜಪ ನಡೆದಿದೆ. ನಿನ್ನೆಯವರೆಗೆ ರಾತ್ರೋರಾತ್ರಿ ಹಳ್ಳಕ್ಕೆ ಬಿಡುತ್ತಿದ್ದ ಹೊಲಸು ನೀರನ್ನು ಇನ್ನು ಮೇಲೆ ಕೊಳದಲ್ಲಿ ನಿಲ್ಲಿಸುತ್ತಾರಂತೆ. ಅದರಲ್ಲಿ ಪಾಚಿ ಬೆಳೆಸುತ್ತಾರಂತೆ. ಆ ಪಾಚಿಯನ್ನು ಕೊಳೆಯಿಸಿ ಗ್ಯಾಸು ತೆಗೆಯುತ್ತಾರಂತೆ. ನೀರು ತಿಳಿಯಾಗುತ್ತದೆ, ಒಲೆ ಉರಿಯುತ್ತದೆ, ಹೊಲಕ್ಕೆ ಗೊಬ್ಬರ ಸಿಗುತ್ತದೆ. ಇದಕ್ಕೆಲ್ಲ ಬೇಕಾದದ್ದು ಸರಕಾರದ ಜಮೀನು, ಸರಕಾರದ ಸಹಾಯಧನ, ಮತ್ತು ಜನರ ಸ್ವಲ್ಪ ತಾಳ್ಮೆ ಎನ್ನುತ್ತಾರೆ.

ಜಮೀನು ನಮ್ಮದು, ಹಣ ನಮ್ಮದು, ತಾಳ್ಮೆಯೂ ನಮ್ಮದು. ಹಾಗಾದರೆ ಮಾಲೀಕರದು ಏನು? ಗ್ಯಾಸು ಮಾತ್ರ.

ನಾವು ವಿಜ್ಞಾನದ ವಿರೋಧಿಗಳಲ್ಲ. ಹೊಲಸಿನಿಂದ ಬೆಂಕಿ ಹುಟ್ಟಿಸುವ ವಿದ್ಯೆ ಮನುಷ್ಯನ ದೊಡ್ಡ ವಿದ್ಯೆಗಳಲ್ಲಿ ಒಂದು. ಅದನ್ನು ಹಳಿಯುವವರು ಸಮಾಜವಾದಿಗಳಾಗಲಾರರು. ಆದರೆ ವಿದ್ಯೆ ಬೇರೆ, ವಿದ್ಯೆಯ ಹೆಸರಿನಲ್ಲಿ ನಡೆಯುವ ವ್ಯಾಪಾರ ಬೇರೆ. ಆದ್ದರಿಂದ ಈ ಪಾಚಿಯ ವಿಷಯವನ್ನು ನಮ್ಮ ಕಾರ್ಮಿಕ ಬಂಧುಗಳೂ ವರ್ತಕ ಮಿತ್ರರೂ ಸ್ವತಃ ಲೆಕ್ಕ ಹಾಕಿ ನೋಡಬೇಕೆಂದು ನಾವು ಈ ಮಾತು ಬರೆಯುತ್ತಿದ್ದೇವೆ. ಲೆಕ್ಕ ಮುಗಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ: ಪಾಚಿಕೊಳದ ನಿಜವಾದ ಬೆಳೆ ಶುದ್ಧವಾದ ನೀರು, ಗ್ಯಾಸು ಅದರ ಜೊತೆಗೆ ಬರುವ ಕೊಸರು. ನೀರಿನ ಮಾತು ಬಿಟ್ಟು ಗ್ಯಾಸಿನ ಮಾತನ್ನೇ ಆಡುವವನು ಏನನ್ನೋ ಮುಚ್ಚಿಡುತ್ತಿದ್ದಾನೆಂದು ತಿಳಿಯಬೇಕು.

ಪಾಚಿ ಮಾಡುವ ಕೆಲಸ

ಪಾಚಿ ಎಂದರೆ ಕೆರೆಯ ಮೆಟ್ಟಲಿನ ಮೇಲೆ ಕಾಲು ಜಾರಿಸುವ ಅದೇ ಹಸುರು ವಸ್ತು. ಕೆಲವು ಕಡೆ ಹಾವಸೆ ಎನ್ನುತ್ತಾರೆ. ಕಣ್ಣಿಗೆ ಕಾಣದಷ್ಟು ಸಣ್ಣ ಜಾತಿಗಳೂ ಅದರಲ್ಲಿವೆ. ಬಿಸಿಲು, ಗಾಳಿಯಲ್ಲಿರುವ ಇಂಗಾಲಾಮ್ಲ, ನೀರಿನಲ್ಲಿ ಕರಗಿದ ಸಾರಜನಕ ಮತ್ತು ರಂಜಕದ ಲವಣಗಳು, ಇಷ್ಟಿದ್ದರೆ ಅದು ಬೆಳೆಯುತ್ತದೆ. ಬೆಳೆಯುತ್ತ ನೀರಿಗೆ ಆಮ್ಲಜನಕ ಬಿಡುತ್ತದೆ. ಆ ಆಮ್ಲಜನಕದ ಬಲದಿಂದ ನೀರಿನ ಸೂಕ್ಷ್ಮಜೀವಿಗಳು ಹೊಲಸನ್ನು ತಿಂದು ತೀರಿಸುತ್ತವೆ. ಒಂದಕ್ಕೊಂದು ಆಸರೆಯಾಗಿ ದುಡಿಯುವ ಈ ಕೂಡುಬಾಳ್ವೆ ನೋಡಿದರೆ ನಮ್ಮ ಮಾಲೀಕರು ಪಾಚಿಯಿಂದ ಕಲಿಯಬೇಕಾದದ್ದು ಗ್ಯಾಸಿಗಿಂತ ಹೆಚ್ಚಿನದು ಇದೆ.

ಕೊಳ ಆಳವಿರಕೂಡದು, ಬಿಸಿಲು ತಳ ಮುಟ್ಟಬೇಕು. ಆದ್ದರಿಂದ ಒಂದು ಅಡಿ ಆಳದ ಕಾಲುವೆಯಂಥ ಕೊಳ ಕಟ್ಟಿ, ರಾಟೆಯಂಥ ಹುಟ್ಟುಚಕ್ರದಿಂದ ನೀರನ್ನು ಮೆಲ್ಲಗೆ ತಿರುಗಿಸುತ್ತ ಇಡುತ್ತಾರೆ. ನೀರು ಸುಮಾರು ನಾಲ್ಕರಿಂದ ಎಂಟು ದಿನ ಅಲ್ಲಿ ನಿಲ್ಲುತ್ತದೆ. ಅನಂತರ ಪಾಚಿಯನ್ನು ಬೇರ್ಪಡಿಸಿ ಗಾಳಿಯಾಡದ ತೊಟ್ಟಿಗೆ ತುಂಬುತ್ತಾರೆ. ನಮ್ಮ ಹಳ್ಳಿಗಳ ಗೋಬರ್ ಗ್ಯಾಸಿನ ತೊಟ್ಟಿಯಲ್ಲಿ ಸಗಣಿಗೆ ಆಗುವುದೇ ಇಲ್ಲಿ ಪಾಚಿಗೂ ಆಗುತ್ತದೆ. ಕೊಳೆತು ಹುಟ್ಟುವ ಅನಿಲದಲ್ಲಿ ಸುಮಾರು ನೂರಕ್ಕೆ ಅರವತ್ತು ಪಾಲು ಉರಿಯುವ ಮೀಥೇನು, ಉಳಿದದ್ದು ಬಹುಪಾಲು ಇಂಗಾಲಾಮ್ಲ.

ಈ ವಿದ್ಯೆ ಹೊಸದಲ್ಲ. 1897ರಷ್ಟು ಹಿಂದೆಯೇ ಮುಂಬಯಿಯ ಮಾಟುಂಗದ ಕುಷ್ಠರೋಗಿಗಳ ಆಶ್ರಮದಲ್ಲಿ ಹೊಲಸಿನ ಅನಿಲದಿಂದ ದೀಪ ಉರಿಸಿದ್ದರು. ಪಾಚಿಯನ್ನೇ ಕೊಳೆಯಿಸಿ ಅನಿಲ ತೆಗೆಯುವ ಪರೀಕ್ಷೆಯನ್ನು ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೊಲ್ಯುಕಿ, ಆಸ್ವಾಲ್ಡ್, ಗೋಟಾಸ್ ಎಂಬ ಮೂವರು ಮಾಡಿ 1957ರಲ್ಲಿ ಪ್ರಕಟಿಸಿದರು. ಅವರು ಅಂದೇ ಕಂಡ ತೊಡಕು ಇಂದಿಗೂ ಉಳಿದಿದೆ. ಪಾಚಿಯ ಜೀವಕಣದ ಗೋಡೆ ಗಟ್ಟಿ. ಕೊಳೆಯಿಸುವ ಜೀವಿಗಳಿಗೆ ಸುಲಭವಾಗಿ ಬಗ್ಗುವುದಿಲ್ಲ. ಚರಂಡಿಯ ಕೆಸರಿಗಿಂತ ಅದು ಕೊಡುವ ಅನಿಲ ಕಡಿಮೆ. ಮೇಲಾಗಿ ಪಾಚಿಯಲ್ಲಿ ಸಾರಜನಕ ಹೆಚ್ಚು. ಅದು ತೊಟ್ಟಿಯಲ್ಲಿ ಅಮೋನಿಯವಾಗಿ ಅನಿಲ ಹುಟ್ಟಿಸುವ ಜೀವಿಗಳನ್ನೇ ಕುಗ್ಗಿಸುತ್ತದೆ. ರದ್ದಿ ಕಾಗದದಂಥ ವಸ್ತುವನ್ನು ಜೊತೆಗೆ ಬೆರೆಸಿದರೆ ಈ ದೋಷ ತಗ್ಗುತ್ತದೆಂಬುದು ಅನಂತರದ ಪರೀಕ್ಷೆಗಳಲ್ಲಿ ತಿಳಿದುಬಂದಿದೆ.

ಪಾಚಿಯಿಂದ ಇಂಧನ ತೆಗೆಯಲೆಂದೇ ಅಮೆರಿಕ ಸರಕಾರ 1978ರಿಂದ 1996ರವರೆಗೆ ಕೋಟಿಗಟ್ಟಲೆ ಡಾಲರು ಸುರಿದು ಸಂಶೋಧನೆ ನಡೆಸಿತು. ಕೊನೆಗೆ ಕಂಡದ್ದು, ಪೆಟ್ರೋಲಿಯಮ್ಮಿನ ಎದುರಿಗೆ ಪಾಚಿಯ ಇಂಧನ ತುಟ್ಟಿ ಎಂದು. ಸ್ಪೇನ್ ದೇಶದ ದಕ್ಷಿಣದಲ್ಲಿ ಚಿಕ್ಲಾನಾ ಎಂಬ ಊರಿದೆ. ಅಲ್ಲಿ 2011ರಲ್ಲಿ ಯುರೋಪಿನ ಒಕ್ಕೂಟದ ಹಣದಿಂದ ಇನ್ನೊಂದು ಪ್ರಯತ್ನ ಆರಂಭವಾಯಿತು. ಊರ ಚರಂಡಿಯ ನೀರಿನಲ್ಲಿ ಪಾಚಿ ಬೆಳೆದು, ಅನಿಲ ತೆಗೆದು, ಅದರಿಂದ ಮೋಟಾರುಗಾಡಿ ಓಡಿಸಿ ತೋರಿಸಿದರು. ಅಲ್ಲಿ ಮೊದಲು ನೀರು ಶುದ್ಧವಾಗಬೇಕಿತ್ತು. ಆ ಕೆಲಸದ ಹೆಗಲ ಮೇಲೆ ಗ್ಯಾಸು ಕುಳಿತು ಬಂತು. ಗ್ಯಾಸನ್ನೇ ನಂಬಿ ಹೊರಟದ್ದಕ್ಕೂ ನೀರಿನಿಂದ ಹೊರಟದ್ದಕ್ಕೂ ಇರುವ ವ್ಯತ್ಯಾಸ ಇದು.

ಐದು ಎಕರೆಯ ಲೆಕ್ಕ

ಈಗ ಲೆಕ್ಕಕ್ಕೆ ಬರೋಣ. ದಿನಕ್ಕೆ 10 ಲಕ್ಷ ಲೀಟರು ಹೊಲಸು ನೀರು ಬಿಡುವ ಒಂದು ಕಾರ್ಖಾನೆ ಇದೆಯೆಂದುಕೊಳ್ಳಿ. ಒಂದು ಅಡಿ ಆಳದ ಕೊಳದಲ್ಲಿ ಆ ನೀರು ಆರು ದಿನ ನಿಲ್ಲಬೇಕಾದರೆ ಸುಮಾರು ಐದು ಎಕರೆ ಬೇಕು. ಒಂದು ಚದರ ಮೀಟರು ಕೊಳದಲ್ಲಿ ದಿನಕ್ಕೆ 15 ಗ್ರಾಂ ಒಣತೂಕದ ಪಾಚಿ ಬೆಳೆದರೆ ಅದು ಒಳ್ಳೆಯ ಬೆಳೆಯೇ. ಆ ಪ್ರಕಾರ ಎಕರೆಗೆ ದಿನಕ್ಕೆ 60 ಕಿಲೋ. ಐದು ಎಕರೆಗೆ 300 ಕಿಲೋ. ಇದನ್ನು ಕೊಳೆಯಿಸಿದರೆ ಸಿಗುವ ಮೀಥೇನು ಸುಮಾರು 60 ಘನ ಮೀಟರು. ಉರುವಲಿನ ಲೆಕ್ಕದಲ್ಲಿ ಅದು 47 ಕಿಲೋ ಅಡಿಗೆ ಗ್ಯಾಸಿಗೆ ಸಮ. ಹೋಟೆಲು ಇಟ್ಟ ನಮ್ಮ ವರ್ತಕ ಮಿತ್ರರು ಕೊಳ್ಳುವ 19 ಕಿಲೋ ಸಿಲಿಂಡರು ಎಷ್ಟಾಯಿತು? ಎರಡೂವರೆ!

ಐದು ಎಕರೆ ಜಮೀನು, ಕೊಳ, ಚಕ್ರ, ತೊಟ್ಟಿ, ಪೈಪು, ಇಂಜಿನಿಯರು, ಉದ್ಘಾಟನೆಗೆ ಬರುವ ಮಂತ್ರಿ, ಎಲ್ಲ ಸೇರಿ ದಿನಕ್ಕೆ ಎರಡೂವರೆ ಸಿಲಿಂಡರು. ಬೆಟ್ಟ ಅಗೆದು ಇಲಿ ಹಿಡಿದರೆಂಬ ಮಾತು ಇಂಥದಕ್ಕೇ ಹುಟ್ಟಿರಬೇಕು. ಇದರ ಮೇಲೆ ಪಾಚಿಯನ್ನು ನೀರಿನಿಂದ ಬೇರ್ಪಡಿಸುವ ಖರ್ಚು ಬೇರೆ. ಒಂದು ಲೀಟರು ನೀರಿನಲ್ಲಿ ಪಾಚಿ ಅರ್ಧ ಗ್ರಾಮಿಗಿಂತ ಹೆಚ್ಚು ಇರುವುದು ಕಡಿಮೆ. ಅದನ್ನು ಸೋಸಿ ಕೂಡಿಹಾಕುವುದೇ ಈ ಉದ್ಯೋಗದ ಅತಿ ಕಷ್ಟದ ಕೆಲಸ.

ಹಾಗಾದರೆ ಪಾಚಿಕೊಳ ದಂಡವೇ? ಖಂಡಿತ ಅಲ್ಲ. ಅದೇ 10 ಲಕ್ಷ ಲೀಟರು ನೀರನ್ನು ಸಾಮಾನ್ಯ ಕ್ರಮದಲ್ಲಿ, ಯಂತ್ರದಿಂದ ಗಾಳಿ ಊದಿ ಶುದ್ಧ ಮಾಡಬೇಕಾದರೆ, ಊರ ಚರಂಡಿಯಷ್ಟೇ ಹೊಲಸಿದ್ದರೂ ದಿನಕ್ಕೆ 300ರಿಂದ 500 ಯೂನಿಟ್ಟು ವಿದ್ಯುತ್ತು ಬೇಕು. ಪಾಚಿ ಆ ಗಾಳಿಯನ್ನು ಬಿಸಿಲಿನಿಂದ ಪುಕ್ಕಟೆಯಾಗಿ ಕೊಡುತ್ತದೆ. ಎರಡೂವರೆ ಸಿಲಿಂಡರಿನ ಗ್ಯಾಸನ್ನು ಇಂಜಿನ್ನಿಗೆ ಹಾಕಿದರೆ ಹುಟ್ಟುವ ವಿದ್ಯುತ್ತು ಸುಮಾರು 180 ಯೂನಿಟ್ಟು. ಅಂದರೆ ಗ್ಯಾಸಿನಿಂದ ಹುಟ್ಟುವುದಕ್ಕಿಂತ ನೀರು ಶುದ್ಧಿಯಲ್ಲಿ ಉಳಿಯುವುದೇ ಹೆಚ್ಚು. ನೀರನ್ನು ಶುದ್ಧ ಮಾಡಲು ಹೊರಟವನಿಗೆ ಪಾಚಿ ಲಾಭ. ಶುದ್ಧ ಮಾಡುವ ಮನಸ್ಸಿಲ್ಲದವನಿಗೆ ಅದು ಬರಿಯ ಬೋರ್ಡು.

ಇನ್ನೊಂದು ಲೆಕ್ಕ ನೋಡಿ. ಕಾಕಂಬಿಯಿಂದ ಮದ್ಯಸಾರ ಬಟ್ಟಿ ಇಳಿಸುವ ಕಾರ್ಖಾನೆಯಲ್ಲಿ ಒಂದು ಲೀಟರು ಸಾರಕ್ಕೆ ಎಂಟರಿಂದ ಹದಿನೈದು ಲೀಟರು ಕಪ್ಪು ಗಷ್ಟು ನೀರು ಉಳಿಯುತ್ತದೆ. ಅದನ್ನು ಪಾಚಿಯ ಗೋಜಿಲ್ಲದೆ ನೇರವಾಗಿ ಮುಚ್ಚಿದ ತೊಟ್ಟಿಗೆ ಬಿಟ್ಟರೆ ಸಾವಿರ ಲೀಟರಿಗೆ ಸುಮಾರು ಒಂದು ದೊಡ್ಡ ಸಿಲಿಂಡರಿನಷ್ಟು ಗ್ಯಾಸು ಸಿಗುತ್ತದೆ. ಅಂದರೆ ಐದು ಎಕರೆ ಪಾಚಿ ಇಡೀ ದಿನ ಕೊಡುವುದನ್ನು ಎರಡೂವರೆ ಸಾವಿರ ಲೀಟರು ಗಷ್ಟು ಕೊಡುತ್ತದೆ. ಆದ್ದರಿಂದ ಕ್ರಮ ಹೀಗಿರಬೇಕು: ಗಟ್ಟಿ ಹೊಲಸಿಗೆ ಮೊದಲು ಮುಚ್ಚಿದ ತೊಟ್ಟಿ, ಅಲ್ಲಿಂದ ಹೊರಬಂದ ನೀರಿನಲ್ಲಿ ಉಳಿದ ಲವಣ ತೆಗೆಯಲು ಆಮೇಲೆ ಪಾಚಿಕೊಳ. ಈ ಕ್ರಮ ಬಿಟ್ಟು, ಗಷ್ಟಿನ ಗ್ಯಾಸನ್ನು ತಾವು ಬಾಯ್ಲರಿಗೆ ಉಪಯೋಗಿಸಿಕೊಂಡು, ಊರವರಿಗೆ ಪಾಚಿಯ ಕೊಳ ತೋರಿಸುವ ಮಾಲೀಕನಿಂದ ಎಚ್ಚರವಾಗಿರಬೇಕು.

ಪಾಚಿ ತಿನ್ನದ ವಿಷ

ಎಲ್ಲ ಹೊಲಸೂ ಪಾಚಿಗೆ ಅನ್ನವಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ನೀರು ಮಸಿಯಂತಿದ್ದರೆ ಅದರೊಳಗೆ ಬಿಸಿಲೇ ಇಳಿಯುವುದಿಲ್ಲ. ಬಿಸಿಲಿಲ್ಲದೆ ಪಾಚಿ ಹೇಗೆ ಬೆಳೆದೀತು? ಬಣ್ಣದ ಕೆಲಸದಲ್ಲಿ ಬಳಸುವ ಉಪ್ಪನ್ನು ಪಾಚಿ ತಿನ್ನುವುದಿಲ್ಲ. ಚರ್ಮ ಹದಮಾಡುವಲ್ಲಿನ ಕ್ರೋಮಿಯಮ್ಮನ್ನು ಅದು ಹೀರಿಕೊಳ್ಳಬಲ್ಲುದು, ಆದರೆ ಕರಗಿಸಿ ಇಲ್ಲವಾಗಿಸಲಾರದು. ಗ್ಯಾಸು ತೆಗೆದ ಮೇಲೆ ಆ ವಿಷವೆಲ್ಲ ತೊಟ್ಟಿಯ ಬಗ್ಗಡದಲ್ಲಿ ಉಳಿಯುತ್ತದೆ. ಅದನ್ನು ಗೊಬ್ಬರವೆಂದು ರೈತನಿಗೆ ಮಾರಿದರೆ ಹೊಲಕ್ಕೆ ಹೋಗುತ್ತದೆ, ಹೊಲದಿಂದ ಸೊಪ್ಪಿಗೆ, ಸೊಪ್ಪಿನಿಂದ ನಮ್ಮ ಮಕ್ಕಳ ಊಟದ ತಟ್ಟೆಗೆ. ಮಾಲೀಕನ ಬಾಗಿಲಿನಿಂದ ಹೊರಟ ವಿಷ ಕೂಲಿಕಾರನ ಮನೆಗೆ ಬೆಲೆಕಟ್ಟಿಸಿಕೊಂಡು ಬರುತ್ತದೆ!

ತಮಿಳುನಾಡಿನ ತಿರುಪ್ಪೂರಿನಲ್ಲಿ ಆದದ್ದನ್ನು ನೆನೆಯಿರಿ. ಅಲ್ಲಿನ ಬನಿಯನ್ನು ಲೋಕಕ್ಕೆಲ್ಲ ಹೋಯಿತು. ಬಣ್ಣದ ನೀರು ನೊಯ್ಯಲ್ ನದಿಗೆ ಹೋಯಿತು. ರೈತರಿಗೆಂದು 1992ರಲ್ಲಿ ಕಟ್ಟಿದ ಒರತ್ತುಪಾಳ್ಯಂ ಅಣೆಕಟ್ಟು ಬಣ್ಣದ ನೀರಿನ ಉಗ್ರಾಣವಾಯಿತು. ರೈತರು ನ್ಯಾಯಾಲಯದ ಬಾಗಿಲು ತಟ್ಟಿದರು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸು ಹೈಕೋರ್ಟು ಬಣ್ಣದ ಘಟಕಗಳನ್ನು ಮುಚ್ಚಿಸಿತು. ಮುಚ್ಚಿದಾಗ ಬೀದಿಗೆ ಬಿದ್ದವರು ಯಾರು? ರಫ್ತು ವ್ಯಾಪಾರದಲ್ಲಿ ಗಂಟು ಕಟ್ಟಿದ ದೊಡ್ಡ ಸಾಹುಕಾರರಲ್ಲ. ಕೂಲಿಯ ಮೇಲೆ ಬಣ್ಣ ಹಾಕುತ್ತಿದ್ದ ಸಣ್ಣ ಘಟಕದವರು, ತೊಟ್ಟಿಯಲ್ಲಿ ನಿಂತು ದುಡಿಯುತ್ತಿದ್ದ ಕಾರ್ಮಿಕರು.

ನೀರಿನ ಪ್ರಶ್ನೆ ಎತ್ತಿದೊಡನೆ ಮಾಲೀಕರು ಒಂದು ಬೆದರಿಕೆ ಹಾಕುವುದುಂಟು: ‘ಹೀಗೆ ಪೀಡಿಸಿದರೆ ಗಿರಣಿ ಮುಚ್ಚುತ್ತೇವೆ, ಆಮೇಲೆ ನೀವು ಏನು ತಿನ್ನುತ್ತೀರಿ?’ ನಮ್ಮ ಎಷ್ಟೋ ಕಾರ್ಮಿಕ ಬಂಧುಗಳು ಈ ಮಾತಿಗೆ ಹೆದರಿ ಸುಮ್ಮನಾಗಿದ್ದಾರೆ. ತಿರುಪ್ಪೂರಿನ ಪಾಠ ಇದಕ್ಕೆ ಉತ್ತರ. ಅಲ್ಲಿ ಘಟಕಗಳು ಮುಚ್ಚಿದ್ದು ನೀರು ಶುದ್ಧ ಮಾಡಿದ್ದಕ್ಕಲ್ಲ, ಹೊತ್ತಿಗೆ ಸರಿಯಾಗಿ ಮಾಡದೆ ಇದ್ದುದಕ್ಕೆ. ಚರಂಡಿಯ ವಿಷಯದಲ್ಲಿ ಇಂದು ಸುಮ್ಮನಿರುವ ಕಾರ್ಮಿಕ ನಾಳೆ ತನ್ನ ಕೆಲಸವನ್ನೂ ಕಳೆದುಕೊಳ್ಳುತ್ತಾನೆ.

ಹಸುರಿನ ಹೆಸರಿನಲ್ಲಿ ಭೂಮಿ

ಹತ್ತು ಲಕ್ಷ ಲೀಟರಿಗೆ ಐದು ಎಕರೆ ಎಂದೆವು. ದೊಡ್ಡ ಕಾರ್ಖಾನೆಗೆ ಐವತ್ತು ಎಕರೆಯೂ ಬೇಕಾದೀತು. ಮಾಲೀಕರು ಈ ಭೂಮಿಯನ್ನು ಎಲ್ಲಿಂದ ತರುತ್ತಾರೆ? ತಮ್ಮ ಬಂಗಲೆಯ ತೋಟದಿಂದ ತರುವುದಿಲ್ಲ. ಗೋಮಾಳದ ಮೇಲೆ ಕಣ್ಣು ಬೀಳುತ್ತದೆ.

ಇದು ನಮ್ಮ ಕಲ್ಪನೆಯಲ್ಲ. ನಮ್ಮ ನಾಡಿನಲ್ಲಿಯೇ ಆದ ಸಂಗತಿ. 1984ರಲ್ಲಿ ರಾಜ್ಯ ಸರಕಾರ ಹರಿಹರದ ಪಾಲಿಫೈಬರ್ಸ್ ಕಾರ್ಖಾನೆಯೊಡನೆ ಸೇರಿ ಕರ್ನಾಟಕ ಪಲ್ಪ್‌ವುಡ್ಸ್ ಎಂಬ ಕೂಡುಕಂಪೆನಿ ಕಟ್ಟಿತು. ಕಾರ್ಖಾನೆಗೆ ಬೇಕಾದ ನೀಲಗಿರಿ ಬೆಳೆಯಲು ಸುಮಾರು 30 ಸಾವಿರ ಹೆಕ್ಟೇರು ಸಾರ್ವಜನಿಕ ಭೂಮಿ ಕೊಡುವುದೆಂದು ಗೊತ್ತುಮಾಡಿತು. ಗಿಡ ನೆಡುವುದಕ್ಕೆ ಯಾರು ತಾನೇ ಬೇಡವೆಂದಾರು? ಆದರೆ ಆ ಭೂಮಿಯಲ್ಲಿ ದನ ಮೇಯಿಸುತ್ತಿದ್ದವರನ್ನು, ಸೌದೆ ಆಯುತ್ತಿದ್ದ ಹೆಂಗಸರನ್ನು ಯಾರೂ ಕೇಳಲಿಲ್ಲ. ಕೋಳಿಯನ್ನು ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮ ಸರಕಾರಗಳಲ್ಲಿ ಎಂದೂ ಇಲ್ಲ. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ಸೇರಿದರು. ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. ‘ಕಿತ್ತಿಕೋ ಹಚ್ಚಿಕೋ’ ಎಂದು ಹೆಸರಾದ ಆ ಸತ್ಯಾಗ್ರಹ ವ್ಯರ್ಥವಾಗಲಿಲ್ಲ. 1991ರಲ್ಲಿ ಆ ಕಂಪೆನಿಯೇ ಮುಚ್ಚಿತು. ಅಂದು ಹಸುರು ಗಿಡದ ಹೆಸರಿನಲ್ಲಿ ಕೇಳಿದ ಭೂಮಿಯನ್ನು ನಾಳೆ ಹಸುರು ಪಾಚಿಯ ಹೆಸರಿನಲ್ಲಿ ಕೇಳಿದರೆ ನಾವು ಕುಸನೂರನ್ನು ಮರೆತಿರಕೂಡದು.

ಸಹಾಯಧನದ ಕತೆಯೂ ಹೀಗೆಯೇ. 2018ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರ ‘ಸತತ್’ ಎಂಬ ಯೋಜನೆ ಸಾರಿತು. ಕಸಕಡ್ಡಿ ಹೊಲಸಿನಿಂದ ಅನಿಲ ತೆಗೆಯುವ 5000 ಸ್ಥಾವರಗಳು 2023-24ರೊಳಗೆ ಎದ್ದು ನಿಲ್ಲುತ್ತವೆ, ವರ್ಷಕ್ಕೆ ಒಂದೂವರೆ ಕೋಟಿ ಟನ್ನು ಅನಿಲ ಬರುತ್ತದೆ ಎಂದರು. ಗಡುವು ಮುಗಿಯಿತು. ಆ ಸಂಖ್ಯೆಯ ಹತ್ತಿರಕ್ಕೂ ಸ್ಥಾವರಗಳು ಏಳಲಿಲ್ಲ. ಭಾಷಣಕ್ಕೆ ಮಾತ್ರ ಕೊರತೆಯಾಗಲಿಲ್ಲ.

ಕಾನೂನು ಏನು ಮಾಡುತ್ತಿದೆ? ನೀರಿನ ಮಾಲಿನ್ಯ ತಡೆಯುವ ಕಾಯಿದೆ ಬಂದದ್ದು 1974ರಲ್ಲಿ. ಹೊಲಸು ಮಾಡಿದವನೇ ಅದರ ವೆಚ್ಚ ತೆರಬೇಕೆಂಬ ತತ್ವವನ್ನು ಸುಪ್ರೀಂ ಕೋರ್ಟು 1996ರಲ್ಲಿ ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಮೊಕದ್ದಮೆಯಲ್ಲಿ ಎತ್ತಿಹಿಡಿಯಿತು. ‘ಮಾಡಿದ್ದುಣ್ಣೋ ಮಹರಾಯ’ ಎಂದು ನಮ್ಮ ಹಿರಿಯರು ಕೋರ್ಟಿಲ್ಲದೆಯೇ ಹೇಳಿದ್ದರು. ಆದರೆ 2024ರಲ್ಲಿ ಆ ಕಾಯಿದೆಗೆ ತಿದ್ದುಪಡಿ ಬಂತು. ಹಲವು ತಪ್ಪುಗಳಿಗೆ ಇದ್ದ ಜೈಲುಶಿಕ್ಷೆ ಹೋಗಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂತು. ಮೊದಲು ಹಿಮಾಚಲ ಪ್ರದೇಶ, ರಾಜಸ್ಥಾನ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ. ಮಿಕ್ಕ ರಾಜ್ಯಗಳು ಬೇಕಾದರೆ ಒಪ್ಪಿಕೊಳ್ಳಬಹುದಂತೆ. ಸಂತೆಯಲ್ಲಿ ಜೇಬು ಕತ್ತರಿಸಿದವನಿಗೆ ಜೈಲು. ಹೊಳೆಯನ್ನೇ ಕೆಡಿಸಿದವನಿಗೆ ರಸೀದಿ. ಇದು ಯಾವ ನ್ಯಾಯ?

ತೊಟ್ಟಿಯೊಳಗೆ ಇಳಿಯುವವರು

ಇನ್ನು, ಮಾಲೀಕರ ಯಾವ ಕಾಗದದಲ್ಲಿಯೂ ಕಾಣದ ಒಂದು ವಿಷಯವಿದೆ. ಗ್ಯಾಸಿನ ತೊಟ್ಟಿಯಲ್ಲಿ ಮೀಥೇನಿನ ಜೊತೆಗೆ ಗಂಧಕದ ವಿಷಾನಿಲವೂ ಹುಟ್ಟುತ್ತದೆ. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ. ಹೆಚ್ಚಾದಾಗ ಮೂಗೇ ಮರಗಟ್ಟಿ ನಾತವೇ ತಿಳಿಯುವುದಿಲ್ಲ. ‘ನಾತ ಹೋಯಿತು, ಇನ್ನು ಇಳಿಯಬಹುದು’ ಎಂದು ಇಳಿದವನು ಮೇಲೆ ಬರುವುದಿಲ್ಲ. ಅವನನ್ನು ಎತ್ತಲು ಹೋದವನೂ ಬರುವುದಿಲ್ಲ. ಮೀಥೇನು ಗಾಳಿಯಲ್ಲಿ ನೂರಕ್ಕೆ 5ರಿಂದ 15 ಪಾಲು ಬೆರೆತರೆ ಒಂದು ಬೀಡಿಯ ಕಿಡಿ ಸಾಕು.

ಈ ತೊಟ್ಟಿ ಬಗ್ಗಡ ಕಟ್ಟಿದಾಗ ಒಳಗೆ ಇಳಿಯುವವನು ಮ್ಯಾನೇಜರಲ್ಲ, ಗುತ್ತಿಗೆಯ ಕೂಲಿ. ಅವನ ಹೆಸರು ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿಯೂ ಇರುವುದಿಲ್ಲ. ರಕ್ಷಣೆಯಿಲ್ಲದೆ ಮನುಷ್ಯನನ್ನು ಚರಂಡಿಗೂ ಮಲದ ಗುಂಡಿಗೂ ಇಳಿಸಕೂಡದೆಂಬ ಕಾಯಿದೆ 2013ರಲ್ಲಿಯೇ ಆಗಿದೆ. ಆದರೂ ಸಾವಿನ ಸುದ್ದಿ ನಿಂತಿಲ್ಲ. ಯಾವ ಜಾತಿಯವರು, ಯಾವ ಕೇರಿಯವರು ಹಾಗೆ ಸಾಯುತ್ತಾರೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಯಂತ್ರ ಬಂದಾಗ ಹಳೆಯ ಅನ್ಯಾಯ ಅದರ ಹಿಂದೆಯೇ ಒಳಗೆ ನುಗ್ಗದಂತೆ ಬಾಗಿಲಲ್ಲಿ ನಿಲ್ಲಬೇಕಾದವರು ನಮ್ಮ ಸಂಘದವರು.

ನಮ್ಮ ಬೇಡಿಕೆ

ಬರಿಯ ತಕರಾರು ಸಮಾಜವಾದಿಯ ಕೆಲಸವಲ್ಲ. ಪಾಚಿಕೊಳ ಬರಲಿ, ಆದರೆ ಹೀಗೆ ಬರಲಿ.

ಮೊದಲನೆಯದು: ಕೊಳಕ್ಕೆ ಬರುವ ನೀರಿನ ಪರೀಕ್ಷೆಯೂ ಕೊಳದಿಂದ ಹೋಗುವ ನೀರಿನ ಪರೀಕ್ಷೆಯೂ ವಾರಕ್ಕೊಮ್ಮೆ ನಡೆದು, ಅದರ ಅಂಕಿಗಳನ್ನು ಕಾರ್ಖಾನೆಯ ಹೊರಬಾಗಿಲಲ್ಲಿ ಕನ್ನಡದಲ್ಲಿ ಬರೆದು ಹಾಕಬೇಕು. ನೀರು ಶುದ್ಧವಾಗದೆ ಗ್ಯಾಸಿಗೆ ಒಂದು ಕಾಸೂ ಸಹಾಯಧನ ಸಲ್ಲದು.

ಎರಡನೆಯದು: ಕೊಳದ ಜಮೀನು ಮಾಲೀಕರ ಸ್ವಂತದ್ದಿರಲಿ. ಸಾರ್ವಜನಿಕ ಭೂಮಿ ಬೇಕೇಬೇಕಾದರೆ ಗ್ರಾಮಸಭೆ ಒಪ್ಪಬೇಕು. ಆಗ ಕೊಳವೂ ಗ್ಯಾಸೂ ಊರಿನ ಆಸ್ತಿಯಾಗಬೇಕು. ಎರಡೂವರೆ ಸಿಲಿಂಡರೇ ಆಗಲಿ, ಅದು ಕೇರಿಯ ಶಾಲೆಯ ಬಿಸಿಯೂಟದ ಒಲೆಗೆ ಹೋಗಲಿ. ಇಷ್ಟು ವರ್ಷ ಆ ಚರಂಡಿಯ ನಾತ ಕುಡಿದವರು ಆ ಕೇರಿಯ ಮಕ್ಕಳೇ.

ಮೂರನೆಯದು: ಸಣ್ಣ ಬಣ್ಣಗಾರರು, ಸಣ್ಣ ಘಟಕದವರು ಒಬ್ಬೊಬ್ಬರೇ ಇಂಥ ಏರ್ಪಾಡು ಮಾಡಲಾರರು. ಅವರಿಗೆ ಪುರಸಭೆಯ ಮೂಲಕ ಕೂಡುಸ್ಥಾವರ ಬೇಕು. ಅದರ ವೆಚ್ಚದಲ್ಲಿ, ಅವರಿಂದ ಅಗ್ಗದ ಕೂಲಿಗೆ ಕೆಲಸ ಮಾಡಿಸಿಕೊಳ್ಳುವ ದೊಡ್ಡ ವ್ಯಾಪಾರಿಯೂ ಪಾಲು ತೆರಬೇಕು.

ನಾಲ್ಕನೆಯದು: ಬಣ್ಣ, ಕ್ರೋಮಿಯಂ ಮುಂತಾದ ವಿಷ ಬೆರೆತ ಬಗ್ಗಡವನ್ನು ಗೊಬ್ಬರವೆಂದು ಮಾರುವುದನ್ನು ಅಪರಾಧವೆಂದೇ ಎಣಿಸಬೇಕು.

ಐದನೆಯದು: ತೊಟ್ಟಿಯ ಕೆಲಸ ಖಾಯಂ ಕಾರ್ಮಿಕರಿಗೆ, ತರಬೇತಿ ಕೊಟ್ಟು, ವಿಷಾನಿಲ ಅಳೆಯುವ ಯಂತ್ರ ಕೈಗೆ ಕೊಟ್ಟು ಒಪ್ಪಿಸಬೇಕು. ತೊಟ್ಟಿಯೊಳಗೆ ಮನುಷ್ಯ ಇಳಿಯುವ ಪದ್ಧತಿಯೇ ಇರಕೂಡದು. ಇದರ ಮೇಲ್ವಿಚಾರಣೆಗೆ ಕಾರ್ಮಿಕರೇ ಆರಿಸಿದ ಸಮಿತಿ ಇರಬೇಕು.

ಇವು ಆಕಾಶದ ಚಂದ್ರನನ್ನು ಕೇಳುವ ಬೇಡಿಕೆಗಳಲ್ಲ. ಒಪ್ಪುವ ಮಾಲೀಕನಿದ್ದರೆ ಅವನ ಕೊಳಕ್ಕೆ ಮೊದಲ ಬುಟ್ಟಿ ಮಣ್ಣು ಹೊರಲು ನಮ್ಮ ಪಕ್ಷದ ಕಾರ್ಯಕರ್ತರೇ ಬರುತ್ತಾರೆ. ಒಪ್ಪದವನು ಪಾಚಿಯ ಹೆಸರನ್ನು ಬಾಯಲ್ಲಿ ಎತ್ತದಿರಲಿ.

ಕಾರ್ಮಿಕ ಬಂಧುಗಳೇ, ಮುಂದಿನ ಸಲ ನಿಮ್ಮ ಕಾರ್ಖಾನೆಯ ಸಭೆಯಲ್ಲಿ ಪಾಚಿಯ ಚಿತ್ರ ತೋರಿಸಿ ಚಪ್ಪಾಳೆ ಕೇಳಿದರೆ ಎದ್ದು ನಿಂತು ಒಂದೇ ಪ್ರಶ್ನೆ ಕೇಳಿ: ‘ಸ್ವಾಮಿ, ಕೊಳದಿಂದ ಹೊರಗೆ ಬರುವ ನೀರನ್ನು ನಮ್ಮ ದನ ಕುಡಿಯಬಹುದೇ?’ ಉತ್ತರ ನೇರವಾಗಿ ಬಂದರೆ ಚಪ್ಪಾಳೆ ಹೊಡೆಯಿರಿ. ಉತ್ತರದ ಬದಲು ಗ್ಯಾಸಿನ ಮಾತು ಬಂದರೆ, ಕೊಳ ಯಾರಿಗಾಗಿ ಎಂಬುದು ನಿಮಗೆ ಗೊತ್ತಾದಂತೆಯೇ.